ಮುಂದಿನ ಸಲ ಬಾಗಿಲು ಹಾಕಿಸುವ ಮೊದಲು: ಮಹಾಮಾರಿಗೆ ನಿಯಮ ಬರೆಯುವ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯಲ್ಲಿ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಗೋಡೆ ಮೇಲೆ ಒಂದು ಮಸುಕು ಗೆರೆ ಇದೆ. ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿ, ಗೋಡೆಯ ಉದ್ದಕ್ಕೂ. ಯಾರೋ ಕೊಳೆ ಕೈ ಒರೆಸಿಕೊಂಡು ಹೋದ ಹಾಗೆ ಕಾಣುತ್ತದೆ. ಅದು ಅಮ್ಮನ ಕೈ ಗುರುತು. 2020ಕ್ಕೆ ಮೊದಲು ಆ ಗೆರೆ ಇರಲಿಲ್ಲ. ಅಮ್ಮನಿಗೆ ಆಗ ಗೋಡೆ ಹಿಡಿದು ನಡೆಯುವ ಅಗತ್ಯವೇ ಇರಲಿಲ್ಲ.

ಅಮ್ಮನಿಗೆ ಕೋವಿಡ್ ಬಂದಿರಲಿಲ್ಲ. ನೀವು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು. ವಯಸ್ಸಾದವರು ಹೊರಗೆ ಬರಬೇಡಿ ಅಂದಿರಿ, ಐದು ತಿಂಗಳು ಹೊಸ್ತಿಲು ದಾಟಲಿಲ್ಲ. ಅದಕ್ಕೆ ಮುಂಚೆ ದಿನಕ್ಕೆರಡು ಸಲವಾದರೂ ಏನೋ ನೆಪ ಮಾಡಿಕೊಂಡು ಕೆಳಗಿಳಿದು, ಒಂದು ಸುತ್ತು ಹಾಕಿ ಬರುತ್ತಿದ್ದಳು. ಐದು ತಿಂಗಳಾದ ಮೇಲೆ ಒಂದು ದಿನ ಕೆಳಗೆ ಕರೆದುಕೊಂಡು ಹೋದೆ. ಇಳಿಯುವಾಗ ಹೇಗೋ ಇಳಿದಳು. ವಾಪಸ್ ಬರುವಾಗ ಹದಿನೆಂಟು ಮೆಟ್ಟಿಲಲ್ಲಿ ಆರನೆಯದರ ಮೇಲೆ ಕೂತುಬಿಟ್ಟಳು. ‘ಕಾಲು ನನ್ನ ಮಾತು ಕೇಳ್ತಿಲ್ಲ ಕಣೋ’ ಅಂದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ರಿಪೋರ್ಟು ನೋಡಿ, ‘ಕಾಯಿಲೆ ಅಂತ ಏನೂ ಇಲ್ಲ, ಕೂತೂ ಕೂತೂ ಹೀಗಾಗಿದೆ’ ಅಂದರು.

ಈ ಪತ್ರ ಆ ‘ಕೂತೂ ಕೂತೂ’ ಬಗ್ಗೆ.

ಲಾಕ್‌ಡೌನ್ ತಪ್ಪು ಅಂತ ಜಗಳ ಕಾಯೋಕೆ ಬಂದಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಮಹಾಮಾರಿ ಅಂತ ಕರೆದಾಗ ಕೈಯಲ್ಲಿ ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಆಸ್ಪತ್ರೆಗಳು ತುಂಬುತ್ತಿದ್ದವು. ನಿಮ್ಮ ಜಾಗದಲ್ಲಿ ನಾನಿದ್ದರೂ ಬಾಗಿಲು ಹಾಕಿಸುತ್ತಿದ್ದೆನೋ ಏನೋ. ನನ್ನ ತಕರಾರು ಬೇರೆ. ಏನು ಮಾಡಬಾರದು ಅಂತ ದಿನಾ ಹೇಳಿದಿರಿ. ಹೊರಗೆ ಹೋಗಬೇಡಿ, ಹತ್ತಿರ ನಿಲ್ಲಬೇಡಿ, ಮುಖ ಮುಟ್ಟಿಕೊಳ್ಳಬೇಡಿ. ಸರಿ. ಹಾಗಾದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡಬೇಕು? ಅದು ಅವರವರ ಪಾಡು ಅಂತ ಬಿಟ್ಟುಬಿಟ್ಟಿರಿ. ಆ ಖಾಲಿ ಜಾಗದಲ್ಲೇ ನಮ್ಮ ಅಭ್ಯಾಸಗಳು ಕೆಟ್ಟಿದ್ದು.

ನನ್ನದೇ ಲೆಕ್ಕ ಕೊಡುತ್ತೇನೆ. ನಾನು ಲೆಕ್ಕಪತ್ರದ ಕೆಲಸದವನು, ಕೂತೇ ಮಾಡುವ ಕೆಲಸ. ವ್ಯಾಯಾಮ ಗೀಯಾಮ ಯಾವತ್ತೂ ಮಾಡಿದವನಲ್ಲ. ಆದರೂ ಫೋನಿನಲ್ಲಿ ದಿನಕ್ಕೆ ಆರೇಳು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಎಲ್ಲಿಂದ ಬರುತ್ತಿತ್ತು ಅಂತ ನಾನು ಯೋಚಿಸಿದ್ದೇ ಇಲ್ಲ. ಬಸ್ಸಿಗೆ ನಡೆಯೋದು, ಬಸ್ಸಿಂದ ಇಳಿದು ಆಫೀಸಿಗೆ ನಡೆಯೋದು, ಒಂದು ಸಹಿಗಾಗಿ ಮೇಲಿನ ಮಹಡಿಗೆ ಹೋಗಿ ಬರೋದು, ಊಟ ಆದ ಮೇಲೆ ಗೆಳೆಯರ ಜೊತೆ ಸುಮ್ನೆ ಒಂದು ಸುತ್ತು. ಅದನ್ನು ಯಾರೂ ವ್ಯಾಯಾಮ ಅಂತ ಕರೆಯುತ್ತಿರಲಿಲ್ಲ. ಮನೆಯಿಂದಲೇ ಕೆಲಸ ಅಂತ ಆದಮೇಲೆ ಒಂದು ಮಂಗಳವಾರ ರಾತ್ರಿ ಫೋನ್ ತೆಗೆದು ನೋಡಿದರೆ 611 ಹೆಜ್ಜೆ. ಇಡೀ ದಿನಕ್ಕೆ. ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಊಟದ ಮೇಜು, ಮತ್ತೆ ಕುರ್ಚಿ. ಫೋನ್ ಕೆಟ್ಟಿರಬೇಕು ಅಂದುಕೊಂಡೆ.

ಕೆಟ್ಟಿರಲಿಲ್ಲ. ನನ್ನೊಬ್ಬನದೇ ಕಥೆಯೂ ಅಲ್ಲ. 187 ದೇಶಗಳ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ಫೋನುಗಳ ಹೆಜ್ಜೆ ಲೆಕ್ಕ ನೋಡಿದ ಒಂದು ಅಧ್ಯಯನ 2020ರಲ್ಲೇ ಬಂತು. ಮಹಾಮಾರಿ ಅಂತ ಘೋಷಣೆಯಾದ ಹತ್ತು ದಿನದಲ್ಲಿ ಹೆಜ್ಜೆಗಳು ಸರಾಸರಿ ಶೇ 5.5ರಷ್ಟು ಕಡಿಮೆಯಾಗಿದ್ದವು. ಮೂವತ್ತು ದಿನದಲ್ಲಿ ಶೇ 27.3ರಷ್ಟು. ಇನ್ನೊಂದು ಸಮೀಕ್ಷೆ ಅದೇ ಏಪ್ರಿಲ್‌ನಲ್ಲಿ ಬೇರೆ ಬೇರೆ ಖಂಡಗಳ ಸಾವಿರ ಚಿಲ್ಲರೆ ಜನರನ್ನು ಕೇಳಿತು. ಮೊದಲು ದಿನಕ್ಕೆ ಐದು ಗಂಟೆ ಕೂರುತ್ತಿದ್ದವರು ಎಂಟು ಗಂಟೆ ಕೂರುತ್ತಿದ್ದರು. ಮೂರು ಗಂಟೆ ಜಾಸ್ತಿ, ದಿನವೂ!

ಕೂತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಡೆಯುವಾಗ ಮೀನಖಂಡ ಹಿಂಡಿಕೊಂಡು ಬಿಟ್ಟುಕೊಂಡು, ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕಾಲಿನ ಸ್ನಾಯು ಕೆಲಸ ಮಾಡಿದಷ್ಟೂ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಕೂತರೆ ಎರಡೂ ಮಂದ. ವಯಸ್ಸಾದವರಲ್ಲಿ ಇದರ ಹೊಡೆತ ಬೇಗ ಕಾಣುತ್ತದೆ. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಗಿತ್ತು. ಅವರ ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋದಷ್ಟು ಕರಗಿತ್ತು. ಅಮ್ಮ ಹಾಸಿಗೆ ಹಿಡಿದಿರಲಿಲ್ಲ ನಿಜ. ಆದರೆ ಅವಳದ್ದು ಬರೀ ಹತ್ತು ದಿನ ಆಗಿರಲಿಲ್ಲ, ನೂರೈವತ್ತು ದಿನ. ಈ ವಿಷಯ 2020ರ ಹೊತ್ತಿಗೆ ಹೊಸದೇನಲ್ಲ. ಹಿರಿಯರು ಮನೆಯಲ್ಲೇ ಇರಲಿ ಅಂತ ಬರೆದ ಕೈಗೆ, ದಿನಕ್ಕೆ ಇಷ್ಟು ಸಲ ಕುರ್ಚಿಯಿಂದ ಎದ್ದು ಕೂರಲಿ ಅಂತ ಇನ್ನೊಂದು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು?

ದೈಹಿಕ ಚಟುವಟಿಕೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಸ್ವಲ್ಪ ಮೈ ಅಲುಗಾಡಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ ಅಂತ ಅದರಲ್ಲಿದೆ. ಒಳ್ಳೆಯ ಮಾತು. ಆದರೆ ಅದೇ ವರ್ಷ ಎಷ್ಟೋ ದೇಶಗಳಲ್ಲಿ ಉದ್ಯಾನಗಳಿಗೆ ಬೀಗ ಬಿದ್ದಿತ್ತು, ಬೆಂಚುಗಳಿಗೆ ಟೇಪು ಸುತ್ತಿದ್ದರು. ಗಾಳಿ ಆಡುವ ಬಯಲಿನಲ್ಲಿ ಸೋಂಕು ಹರಡೋದು ಒಳಗಿಗಿಂತ ಬಹಳ ಕಡಿಮೆ ಅಂತ ಗೊತ್ತಾದ ಮೇಲೂ ಆ ಟೇಪು ತೆಗೆಯೋಕೆ ತುಂಬಾ ಕಾಲ ಹಿಡಿಯಿತು.

ಇನ್ನು ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಇದು ಹೇಳೋಕೆ ನನಗೇ ನಾಚಿಕೆ.

ನನಗೆ ಬಿಪಿ ಇದೆ. ಮಹಾಮಾರಿಗೆ ಮೂರು ವರ್ಷ ಮುಂಚೆಯೇ ಮಾತ್ರೆ ಶುರುವಾಗಿತ್ತು, ಹತೋಟಿಯಲ್ಲೂ ಇತ್ತು. ಬಾಗಿಲು ಹಾಕಿದ ಎರಡನೇ ತಿಂಗಳಿಗೆ ಮಾತ್ರೆ ಮುಗಿಯುತ್ತಾ ಬಂತು. ನಾನು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಮಾಮೂಲಿ ರೋಗಿಗಳನ್ನು ನೋಡೋದು ನಿಲ್ಲಿಸಿದ್ದರು. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಔಷಧಿ ಅಂಗಡಿಯವನ ಹತ್ತಿರ ಮಾತ್ರೆ ಇತ್ತು. ಆದರೆ ನನ್ನ ಚೀಟಿ ಹಳೆಯದು, ಹೊಸ ಚೀಟಿ ಇಲ್ಲದೆ ಕೊಡೋಕಾಗಲ್ಲ ಅಂದ. ಅವನದೇನೂ ತಪ್ಪಿಲ್ಲ, ನಿಯಮ ಹಾಗಿತ್ತು. ಮನೆಗೆ ಬಂದು ಉಳಿದ ಮಾತ್ರೆ ಎಣಿಸಿದೆ. ಹದಿನಾಲ್ಕು. ದಿನ ಬಿಟ್ಟು ದಿನ ತಗೊಂಡರೆ ಇಪ್ಪತ್ತೆಂಟು ದಿನ ಬರುತ್ತೆ. ಲೆಕ್ಕದವನಲ್ವಾ, ಲೆಕ್ಕ ಸರಿಯಾಗೇ ಇತ್ತು.

ಇಪ್ಪತ್ತೆಂಟು ದಿನ ಕಳೆದವು. ಏನೂ ಆಗಲಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಬಿಪಿಯ ಮೋಸವೇ ಅದು, ಏರಿದರೂ ಹೇಳೋದಿಲ್ಲ. ಚೆನ್ನಾಗೇ ಇದ್ದೀನಲ್ಲ ಅಂತ ಪೂರ್ತಿ ಬಿಟ್ಟುಬಿಟ್ಟೆ. ಮುಂದಿನ ಜನವರಿಯಲ್ಲಿ ಬೇರೆ ಯಾವುದಕ್ಕೋ ಹೋದಾಗ ಅಳೆದರೆ 164ಕ್ಕೆ 102. ‘ಮಾತ್ರೆ ತಗೊಳ್ತಿದ್ದೀರಾ?’ ಅಂತ ಡಾಕ್ಟರು ಕೇಳಿದರು. ‘ಹ್ಞಾಂ, ಆಗಾಗ ಮರೆಯುತ್ತೆ’ ಅಂದೆ. ಎಂಟು ತಿಂಗಳು ಮರೆತಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ.

2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 155 ದೇಶಗಳ ಆರೋಗ್ಯ ಇಲಾಖೆಗಳನ್ನು ವಿಚಾರಿಸಿತ್ತು. ಅವುಗಳಲ್ಲಿ ಶೇ 53ರಷ್ಟು ದೇಶಗಳಲ್ಲಿ ಬಿಪಿ ಚಿಕಿತ್ಸೆಗೆ ಅಲ್ಪಸ್ವಲ್ಪವೋ ಪೂರ್ತಿಯೋ ಅಡ್ಡಿಯಾಗಿತ್ತು. ಸಕ್ಕರೆ ಕಾಯಿಲೆ ಚಿಕಿತ್ಸೆಗೆ ಶೇ 49ರಷ್ಟು ದೇಶಗಳಲ್ಲಿ. ಅಂದರೆ ನಿಮಗೆ ಎರಡೇ ತಿಂಗಳಲ್ಲಿ ಗೊತ್ತಿತ್ತು. ಬಿಪಿ, ಸಕ್ಕರೆ ಇದ್ದವರಿಗೆ ಕೋವಿಡ್ ಬಂದರೆ ಜಾಸ್ತಿ ಕಷ್ಟ ಅಂತಲೂ ಗೊತ್ತಿತ್ತು. ಹಳೇ ಚೀಟಿಗೇ ಇನ್ನಾರು ತಿಂಗಳು ಮಾತ್ರೆ ಕೊಡಿ ಅಂತ ಒಂದು ಆದೇಶ ಸಾಕಿತ್ತು. ಕೆಲವು ದೇಶಗಳಲ್ಲಿ ಹಾಗೆ ಮಾಡಿದರು ಕೂಡ, ಫೋನಿನಲ್ಲೇ ಡಾಕ್ಟರ ಜೊತೆ ಮಾತಾಡೋಕೆ ವ್ಯವಸ್ಥೆಯನ್ನೂ ಮಾಡಿದರು. ಆಗುವ ಕೆಲಸವೇ ಅದು. ಎಲ್ಲ ಕಡೆ ಆಗಲಿಲ್ಲ ಅಷ್ಟೆ.

ಊಟ, ನಿದ್ದೆಯ ಬಗ್ಗೆ ಜಾಸ್ತಿ ಎಳೆಯೋದಿಲ್ಲ, ಎಲ್ಲರಿಗೂ ಅನುಭವ ಇದೆ. ಮನೆಯಲ್ಲೇ ಅಡುಗೆ ಮಾಡಿ ಹಿಂದಿಗಿಂತ ಚೆನ್ನಾಗಿ ಉಂಡವರು ಇದ್ದರು. ಹೊತ್ತು ಹೋಗದೆ ಕೈಗೆ ಸಿಕ್ಕಿದ ಕುರುಕಲು ತಿಂದವರೂ ಇದ್ದರು. ನಾನು ಎರಡನೇ ಗುಂಪಿನವನು. ಹಸಿವಾಗಿ ತಿಂದದ್ದಲ್ಲ, ಒಂದು ಮೀಟಿಂಗು ಮುಗಿದು ಇನ್ನೊಂದು ಶುರುವಾಗುವ ನಡುವೆ ಎದ್ದು ಹೋಗೋಕೆ ಇದ್ದ ಜಾಗ ಅಡುಗೆಮನೆ ಒಂದೇ.

ನಿದ್ದೆಯದ್ದು ವಿಚಿತ್ರ. ಯುರೋಪಿನ ಮೂರು ದೇಶಗಳಲ್ಲಿ ವಿಚಾರಿಸಿದಾಗ ಜನ ಸ್ವಲ್ಪ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು, ಆದರೆ ನಿದ್ದೆ ಚೆನ್ನಾಗಿ ಬರುತ್ತಿರಲಿಲ್ಲ. ಇದಕ್ಕೆ ಚಿಂತೆಯೊಂದೇ ಕಾರಣ ಅಲ್ಲ. ನಮ್ಮ ದೇಹದೊಳಗಿನ ಗಡಿಯಾರವನ್ನು ದಿನಾ ಸರಿ ಮಾಡೋದು ಬೆಳಗಿನ ಬೆಳಕು. ಮೋಡ ಕವಿದ ದಿನ ಕೂಡ ಹೊರಗಿನ ಬೆಳಕು, ನಾವು ಮನೆಯೊಳಗೆ ಹಾಕಿಕೊಳ್ಳುವ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಬೆಳಕು ಕಾಣದೆ, ಸರಿರಾತ್ರಿವರೆಗೆ ಫೋನಿನಲ್ಲಿ ಸಾವಿನ ಲೆಕ್ಕ ನೋಡುತ್ತಾ ಕೂತರೆ ಗಡಿಯಾರ ತಪ್ಪದೆ ಇನ್ನೇನಾಗುತ್ತದೆ? ಆ ಲೆಕ್ಕವನ್ನು ದಿನಾ ಸಂಜೆ ಕೊಡುತ್ತಿದ್ದವರು ನೀವೇ. ಕೊಡಬೇಡಿ ಅನ್ನೋದಿಲ್ಲ. ಬೆಳಿಗ್ಗೆ ಕೊಡಿ.

ಕುಡಿತದ ಬಗ್ಗೆ ಒಂದೇ ಒಂದು ಅಂಕಿ. ಅಮೆರಿಕದಲ್ಲಿ ಮದ್ಯಕ್ಕೆ ಸಂಬಂಧಿಸಿದ ಸಾವುಗಳು 2019ರಲ್ಲಿ 78,927 ಇದ್ದದ್ದು 2020ರಲ್ಲಿ 99,017 ಆಯಿತು. ಒಂದೇ ವರ್ಷದಲ್ಲಿ ಶೇ 25ಕ್ಕೂ ಹೆಚ್ಚು. ಇದರ ಮೇಲೆ ನಾನು ಭಾಷಣ ಮಾಡೋದಿಲ್ಲ. ಮನಸ್ಸಿನ ಕಥೆಯೂ ಹತ್ತಿರ ಹತ್ತಿರ ಇದೇ. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಏರಿದವು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಯುವಕರು ಮತ್ತು ಹೆಂಗಸರಿಗೆ ಇದು ಜಾಸ್ತಿ ತಟ್ಟಿತು. ಹೆಂಗಸರಿಗೆ ಯಾಕೆ ಅಂತ ಕೇಳಬೇಕಿಲ್ಲ. ಮನೆಮಂದಿಯೆಲ್ಲ ದಿನವಿಡೀ ಮನೆಯಲ್ಲೇ ಇದ್ದರೆ ಕೆಲಸ ಯಾರ ತಲೆ ಮೇಲೆ ಬೀಳುತ್ತದೆ ಅಂತ ನಿಮ್ಮ ಮನೆಯಲ್ಲೇ ನೋಡಿರುತ್ತೀರಿ.

ಈ ಮಾತೆಲ್ಲ ಕೂರಲು ಮನೆ ಇದ್ದವರದ್ದು ಅಂತ ನನಗೂ ಗೊತ್ತು. ನರ್ಸುಗಳು, ಕಸ ಎತ್ತುವವರು, ಮನೆ ಮನೆಗೆ ಸಾಮಾನು ಮುಟ್ಟಿಸಿದವರು ಕೂರಲೇ ಇಲ್ಲ. ಅವರಿಗೆ ಕಾಡಿದ್ದು ಸುಸ್ತು, ನಿದ್ದೆಗೇಡು, ರೋಗ ಮನೆಗೆ ಹೊತ್ತು ತಂದೇನು ಅನ್ನೋ ಭಯ. ಒಂದೇ ಕೋಣೆಯಲ್ಲಿ ಆರು ಜನ ಇರುವವರಿಗೆ ‘ಮನೆಯಲ್ಲೇ ಇರಿ’ ಅಂದರೆ ಏನರ್ಥ ಅಂತ ಅವರೇ ಬರೆಯಬೇಕು. ಆ ಪತ್ರ ಇದಕ್ಕಿಂತ ಖಾರವಾಗಿರುತ್ತದೆ.

ಒಳ್ಳೆಯದೂ ಆಯಿತು, ಮುಚ್ಚಿಡೋದು ಬೇಡ. ಕೈ ತೊಳೆಯೋದು, ಮಾಸ್ಕು, ದೂರ ನಿಲ್ಲೋದು ಎಲ್ಲ ಸೇರಿ 2020-21ರಲ್ಲಿ ಫ್ಲೂ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯಿತು. ಪ್ರಯಾಣದ ಹೊತ್ತು ಉಳಿಸಿಕೊಂಡು ಓಡಲು ಶುರು ಮಾಡಿದವರನ್ನು ನಾನೇ ಬಲ್ಲೆ. ನನ್ನ ಸಹೋದ್ಯೋಗಿಯೊಬ್ಬರು ಇಪ್ಪತ್ತು ವರ್ಷದ ಸಿಗರೇಟು ಬಿಟ್ಟರು. ‘ಎದೆ ಹೆದರಿಬಿಡ್ತು ಮಾರಾಯ’ ಅಂತಾರೆ. ಅಂದರೆ ಮಹಾಮಾರಿ ಅಭ್ಯಾಸಗಳನ್ನು ಕೆಡಿಸುತ್ತದೆ ಅನ್ನೋದಕ್ಕಿಂತ, ಸಡಿಲ ಮಾಡುತ್ತದೆ ಅನ್ನೋದು ಸರಿ. ಹಳೇ ದಿನಚರಿ ಕಳಚಿಬಿದ್ದಾಗ ಯಾವುದು ಕೈಗೆ ಸಿಗುತ್ತದೋ ಅದೇ ಹೊಸ ಅಭ್ಯಾಸ ಆಗುತ್ತದೆ. ಓಡುವ ಗೆಳೆಯನ ಮನೆ ಎದುರು ಬಯಲಿತ್ತು. ನನ್ನ ಕುರ್ಚಿಯ ಎದುರು ಅಡುಗೆಮನೆ ಇತ್ತು.

ಇದಕ್ಕೇ ನನಗೆ ಸಿಟ್ಟು ಬರೋದು, ಆಮೇಲೆ ನೀವು ಕೊಟ್ಟ ಉಪದೇಶ ಕೇಳಿ. ಜನ ದಪ್ಪಗಾಗಿದ್ದಾರೆ, ಶಿಸ್ತಿಲ್ಲ, ಜೀವನಶೈಲಿ ಬದಲಿಸಿಕೊಳ್ಳಬೇಕು. ಶಿಸ್ತು ಇದ್ದದ್ದಕ್ಕೇ ಅಲ್ವಾ ನಾವು ಒಳಗೆ ಕೂತಿದ್ದು? ಅಮ್ಮನಿಗಿಂತ ಶಿಸ್ತು ಯಾರಿಗಿತ್ತು?

ಅಭ್ಯಾಸ ಹೇಗೆ ಹತ್ತುತ್ತದೆ ಅಂತ ಲಂಡನ್ನಿನಲ್ಲಿ 96 ಜನರನ್ನು ಇಟ್ಟುಕೊಂಡು ನೋಡಿದ್ದರು, 2010ರಲ್ಲಿ ಪ್ರಕಟವಾಯಿತು. ದಿನಾ ಒಂದೇ ಹೊತ್ತಿಗೆ ಒಂದು ಸಣ್ಣ ಕೆಲಸ ಮಾಡುತ್ತಾ ಹೋದರೆ ಅದು ತಾನಾಗೇ ಆಗುವ ಮಟ್ಟಕ್ಕೆ ಬರೋಕೆ ನಡು ಅಂದಾಜಿನಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನ ಬೇಕು ಅನ್ನೋ ಲೆಕ್ಕ. ನೀವು ನಮ್ಮನ್ನು ಕೂರಿಸಿದ್ದು ಎಷ್ಟು ದಿನ ಅಂತ ಒಮ್ಮೆ ಎಣಿಸಿ. ಕೂರುವ ಅಭ್ಯಾಸ ಗಟ್ಟಿಯಾಗೋಕೆ ಅದು ಧಾರಾಳ ಸಾಕು. 2023ರ ಮೇ 5ರಂದು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಘೋಷಣೆಯಾಯಿತು. ಆವತ್ತು ನಾನು ಅದೇ ಕುರ್ಚಿಯಲ್ಲಿ ಕೂತು ಆ ಸುದ್ದಿ ಓದಿದೆ. ವೈರಸ್ಸಿನ ತುರ್ತು ಮುಗಿದಿತ್ತು. ಕುರ್ಚಿಯಿಂದ ಏಳಿ ಅಂತ ಹೇಳಲು ಯಾರೂ ಪತ್ರಿಕಾಗೋಷ್ಠಿ ಕರೆಯಲಿಲ್ಲ.

ಈಗ ಯಾಕೆ ಇದನ್ನೆಲ್ಲ ತೆಗೆಯುತ್ತಿದ್ದೀಯಪ್ಪ ಅಂತ ಕೇಳಬಹುದು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಮಹಾಮಾರಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಹೆಚ್ಚು ಚರ್ಚೆಯಾದದ್ದು ರೋಗಾಣುವಿನ ಮಾದರಿ ಹಂಚಿಕೊಳ್ಳೋದು, ಯಾರಿಗೆ ಎಷ್ಟು ಲಸಿಕೆ, ಎಷ್ಟು ಔಷಧಿ ಅನ್ನೋದು. ಅವೆಲ್ಲ ಬೇಕೇ ಬೇಕು. ಆದರೆ ಇದರ ಜೊತೆಗೆ ನಿಮ್ಮ ನಿಮ್ಮ ಕಚೇರಿಗಳಲ್ಲಿ ಕರಡು ಬರೆಯುತ್ತೀರಲ್ಲ, ಮುಂದಿನ ಸಲ ಜನರಿಗೆ ಏನು ಹೇಳಬೇಕು ಅಂತ, ಅಲ್ಲಿ ನನ್ನದೂ ನಾಲ್ಕು ಮಾತು ಸೇರಿಸಿ.

ನಡೆಯೋಕೆ ಹೊತ್ತು ಮತ್ತು ಜಾಗ ಎರಡನ್ನೂ ಮೊದಲ ದಿನದ ಆದೇಶದಲ್ಲೇ ಬರೆಯಿರಿ. ವಿನಾಯಿತಿ ಅಂತ ಅಲ್ಲ, ಔಷಧಿ ಅಂಗಡಿ ತೆರೆದಿರುತ್ತದೆ ಅನ್ನುವ ಹಾಗೆ, ಅಗತ್ಯ ಸೇವೆ ಅಂತ. ಹಿರಿಯರಿಗೆ ಬೇಕಾದರೆ ಬೇರೆ ಹೊತ್ತು ಇಡಿ. ದಿನಾ ಸಂಜೆ ಮಾತಾಡುವ ಅಧಿಕಾರಿ ಮಾತು ಮುಗಿಸುವ ಮುಂಚೆ ಎದ್ದು ನಿಂತು ಹತ್ತು ಸಲ ಕೂತು ಏಳಲಿ, ಟಿವಿ ನೋಡುವವರೂ ಏಳುತ್ತಾರೆ. ನಗಬೇಡಿ, ಕೈ ಹೇಗೆ ತೊಳೆಯಬೇಕು ಅಂತ ತೋರಿಸಿದ್ದು ನೀವೇ, ಇಡೀ ಜಗತ್ತು ಕಲಿಯಿತು. ಮಾತ್ರೆಯ ಚೀಟಿ ತಾನಾಗೇ ಮುಂದುವರಿಯಲಿ. ಬಿಪಿ, ಸಕ್ಕರೆ ನೋಡೋಕೆ ಸೋಂಕಿತರು ಬಾರದ ಒಂದು ಜಾಗ ಪ್ರತಿ ಊರಿನಲ್ಲೂ ಇರಲಿ. ಎಷ್ಟು ಜನಕ್ಕೆ ಸೋಂಕು ಅಂತ ಎಣಿಸುವಾಗ, ಎಷ್ಟು ಜನ ಮಾತ್ರೆ ಬಿಟ್ಟರು ಅಂತಲೂ ಎಣಿಸಿ.

ಬಾಗಿಲು ತೆಗೆಯೋದಕ್ಕೂ ಒಂದು ಯೋಜನೆ ಬೇಕು. ಮೂಳೆ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಬರೆದುಕೊಡದೆ ಯಾವ ಡಾಕ್ಟರೂ ಕಳಿಸೋದಿಲ್ಲ. ನೀವು ಇಡೀ ಜನಕ್ಕೆ ಪ್ಲಾಸ್ಟರ್ ಹಾಕಿ, ಬಿಚ್ಚಿ, ಹೋಗಿ ಅಂದುಬಿಟ್ಟಿರಿ. ಒಂದು ಎಚ್ಚರಿಕೆಯನ್ನೂ ಸೇರಿಸಿ. ಕೋವಿಡ್ ಬಂದು ಮೂರು ತಿಂಗಳಾದರೂ ಸುಸ್ತು, ಉಬ್ಬಸ, ತಲೆ ಮಂಕು ಹೋಗದವರು ಇದ್ದಾರೆ. ಅದಕ್ಕೆ ಲಾಂಗ್ ಕೋವಿಡ್ ಅಂತ ಹೆಸರಿದೆ. ಅವರಲ್ಲಿ ಕೆಲವರಿಗೆ ಮೈ ಜಾಸ್ತಿ ದಣಿಸಿದರೆ ಇನ್ನೂ ಕೆಡುತ್ತದೆ. ಎಲ್ಲರಿಗೂ ಒಂದೇ ಸಮನೆ ‘ಎದ್ದು ನಡೀರಿ’ ಅನ್ನೋದೂ ತಪ್ಪೇ.

ಅಮ್ಮ ಈಗ ಪರವಾಗಿಲ್ಲ. ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಮೂರು ತಿಂಗಳು ಬಂದು ಹೋದಳು. ಕೈ ಊರದೆ ಕುರ್ಚಿಯಿಂದ ಏಳೋದು, ಹಿಮ್ಮಡಿ ಎತ್ತಿ ಇಳಿಸೋದು, ಅಷ್ಟೇ ಕಲಿಸಿದ್ದು. ಮೊದಲ ದಿನ ಎರಡು ಸಲ ಎದ್ದಳು. ಈಗ ಹನ್ನೆರಡು. ಹದಿನೆಂಟು ಮೆಟ್ಟಿಲನ್ನು ನಡುವೆ ಒಂದು ಸಲ ನಿಂತು ಹತ್ತುತ್ತಾಳೆ. ಗೋಡೆಯನ್ನು ಮಾತ್ರ ಇನ್ನೂ ಹಿಡಿಯುತ್ತಾಳೆ. ಬೇಕಿಲ್ಲ, ಆದರೂ ಕೈ ತಾನಾಗೇ ಹೋಗುತ್ತದೆ. ನಾನು ಮಾತ್ರೆಯನ್ನು ದಿನಾ ತಗೊಳ್ಳುತ್ತಿದ್ದೇನೆ. ಹೆಜ್ಜೆ ಇನ್ನೂ ನಾಲ್ಕು ಸಾವಿರ ದಾಟಿಲ್ಲ.

ನಿಮ್ಮ ಕರಡು ಜನರ ಮುಂದೆ ಬಂದ ದಿನ ಅದರಲ್ಲಿ ‘ನಡಿಗೆ’ ಅನ್ನೋ ಪದ ಎಲ್ಲಿದೆ ಅಂತ ಹುಡುಕುತ್ತೇನೆ. ಸಿಗದಿದ್ದರೆ ಇನ್ನೊಂದು ಪತ್ರ ಬರುತ್ತದೆ.

ಇಂತಿ,
ಹೇಳಿದ ಮಾತು ಕೇಳಿ ಒಳಗೆ ಕೂತಿದ್ದ ಒಬ್ಬ ನಾಗರಿಕ